ಪರ್ಯಾಯಪದ ಮರುಬರಹ

ಪರ್ಯಾಯಪದ ಮರುಬರಹ ಎಂದರೆ ಬೇರೊಬ್ಬರ ಲೇಖನದ ವಾಕ್ಯರಚನೆಯನ್ನೂ ವಿಷಯಕ್ರಮವನ್ನೂ ಹಾಗೆಯೇ ಉಳಿಸಿಕೊಂಡು, ಪ್ರತಿಯೊಂದು ಪದದ ಸ್ಥಾನದಲ್ಲಿ ಸಮಾನಾರ್ಥಕವೆಂದು ತೋರುವ ಇನ್ನೊಂದು ಪದವನ್ನು ಇರಿಸಿ, ಅದನ್ನು ಹೊಸ ಬರಹವೆಂಬಂತೆ ಒಪ್ಪಿಸುವ ಪದ್ಧತಿ. ಇದನ್ನು ಕೈಯಿಂದಲೂ ತಂತ್ರಾಂಶದ ನೆರವಿನಿಂದಲೂ ಮಾಡಲಾಗುತ್ತದೆ. ಕೃತಿಚೌರ್ಯವನ್ನು ಪತ್ತೆಹಚ್ಚುವ ತಂತ್ರಾಂಶಗಳ ಕಣ್ಣು ತಪ್ಪಿಸುವುದು ಇದರ ಸಾಮಾನ್ಯ ಉದ್ದೇಶ.

ಕನ್ನಡದಲ್ಲಿ ಪರ್ಯಾಯಪದಗಳ ಪರಂಪರೆ

ಪರ್ಯಾಯಪದಗಳನ್ನು ಕಲೆಹಾಕುವ ಕೆಲಸ ಕನ್ನಡದಲ್ಲಿ ಬಹು ಹಳೆಯದು. ರನ್ನಕಂದ, ಇಮ್ಮಡಿ ನಾಗವರ್ಮನ ಅಭಿಧಾನವಸ್ತುಕೋಶ, 1398ರ ಮಂಗರಾಜ ನಿಘಂಟು, 16ನೆಯ ಶತಮಾನದ ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ ಮೊದಲಾದ ಪದ್ಯನಿಘಂಟುಗಳು ಮುಖ್ಯವಾಗಿ ಕವಿಗಳಿಗೂ ಕಾವ್ಯಾಭ್ಯಾಸಿಗಳಿಗೂ ನೆರವಾಗಲೆಂದು ಹುಟ್ಟಿದವು. ಪಾದಪಾದಕ್ಕೂ ಎರಡನೆಯ ಅಕ್ಷರ ಹೊಂದಬೇಕಾದ ಆದಿಪ್ರಾಸದ ಕಟ್ಟು ಇದ್ದಾಗ, ಒಂದೇ ವಸ್ತುವಿಗೆ ನಾಲ್ಕಾರು ಹೆಸರು ತಿಳಿದಿರುವುದು ಕವಿಗೆ ಅನಿವಾರ್ಯವಾಗಿತ್ತು. ಆದರೆ ಪದವನ್ನು ಆಯುತ್ತಿದ್ದವನು ಹೇಳಬೇಕಾದುದನ್ನು ಮೊದಲೇ ಬಲ್ಲವನು. ಶಾಲೆಗಳಲ್ಲಿ ಹಳಗನ್ನಡ ಪದ್ಯಗಳಿಗೆ ಹೇಳಿಕೊಡುವ ಪ್ರತಿಪದಾರ್ಥವೂ ಮರುಬರಹವಲ್ಲ. ಅದು ವಿದ್ಯಾರ್ಥಿಯನ್ನು ಮೂಲಪದ್ಯಕ್ಕೆ ಮರಳಿ ಕರೆದೊಯ್ಯುತ್ತದೆ, ಮೂಲವನ್ನು ಮರೆಮಾಡುವುದಿಲ್ಲ.

ಅರ್ಥ ಕೆಡುವ ಬಗೆ

ಜಪಾನಿನ ಹಳೆಯ ಅನಿಮೇಷನ್ ಚಿತ್ರಗಳನ್ನು ಕುರಿತ ಲೇಖನವೊಂದನ್ನು ಉದಾಹರಣೆಯಾಗಿ ನೋಡಬಹುದು. ಹಯಾವೊ ಮಿಯಾಝಾಕಿ ಅವರ ‘ಮೈ ನೇಬರ್ ಟೊಟೊರೊ’ ಮತ್ತು ಇಸಾವೊ ತಕಾಹಾತ ಅವರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಚಿತ್ರಗಳು 1988ರ ಏಪ್ರಿಲ್ 16ರಂದು ಜಪಾನಿನಲ್ಲಿ ಒಟ್ಟಿಗೆ ತೆರೆಕಂಡವು. ಕನ್ನಡದಲ್ಲಿ ‘ತೆರೆ’ ಎಂಬುದು ಪರದೆಯೂ ಹೌದು, ಅಲೆಯೂ ಹೌದು. ಪದಕ್ಕೆ ಪದವಿಟ್ಟು ಬದಲಿಸಿದರೆ ಚಿತ್ರಗಳು ‘ಅಲೆ ನೋಡಿದವು’ ಎಂದಾಗುತ್ತದೆ. ‘ನನ್ನ ನೆರೆಯ ಟೊಟೊರೊ’ ಎಂಬಲ್ಲಿ ನೆರೆಹೊರೆಯ ‘ನೆರೆ’ಯನ್ನು ಹೊಳೆಯ ನೆರೆಯೆಂದು ಭಾವಿಸಿದರೆ ‘ನನ್ನ ಪ್ರವಾಹದ ಟೊಟೊರೊ’. ಕಲಾವಿದರು ‘ಕೈಯಿಂದ ಬಿಡಿಸಿದ ಚಿತ್ರಗಳು’ ‘ಹಸ್ತದಿಂದ ವಿಮೋಚನೆಗೊಳಿಸಿದ ಪಟಗಳು’ ಆಗಿಬಿಡುತ್ತವೆ.

ಇವುಗಳಲ್ಲಿ ಕೆಲವು ನಗೆ ತರಿಸಿಯಾವು. ಎರಡನೆಯ ಚಿತ್ರದ ಹೆಸರಿನಲ್ಲಿ ನಗುವುದಕ್ಕೆ ಏನೂ ಇಲ್ಲ. ಅಕಿಯುಕಿ ನೊಸಾಕ ಅವರ 1967ರ ಕಥೆಯನ್ನು ಆಧರಿಸಿದ ಈ ಚಿತ್ರ, ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ತಾಯಿಯನ್ನು ಕಳೆದುಕೊಂಡು ಹಸಿವಿನಿಂದ ಸಾಯುವ ಅಣ್ಣ-ತಂಗಿಯರದು. ‘ಮಿಂಚುಹುಳುಗಳ ಸಮಾಧಿ’ ಎಂಬಲ್ಲಿ ಸಮಾಧಿಗೆ ‘ಧ್ಯಾನ’ವೆಂದು ಬರೆದರೆ, ಗೋರಿ ಹೋಗಿ ಯೋಗವಾಗುತ್ತದೆ.

ಸಮಾಸಗಳಲ್ಲಿ ತೊಡಕು ಇನ್ನೂ ಹೆಚ್ಚು. ‘ನೀರು’ ಮತ್ತು ‘ಜಲ’ ಸಮಾನಾರ್ಥಕಗಳಾದರೂ ‘ನೀರಾವರಿ’ಯನ್ನು ‘ಜಲಾವರಿ’ ಎನ್ನಲಾಗದು, ‘ಜಲಾಶಯ’ವನ್ನು ‘ನೀರಾಶಯ’ ಎನ್ನಲಾಗದು. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಜೋಡಿಸುವ ಅರಿಸಮಾಸದ ವಿಚಾರವನ್ನು ಕೇಶಿರಾಜನು 13ನೆಯ ಶತಮಾನದಲ್ಲಿಯೇ ಶಬ್ದಮಣಿದರ್ಪಣದಲ್ಲಿ ಎತ್ತಿದ್ದಾನೆ.

ವ್ಯಾಪಾರ ಮತ್ತು ಕೃಷಿಯ ಪದಗಳು

ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮೆಣಸಿನಕಾಯಿಯಲ್ಲಿ ‘ಡಬ್ಬಿ’ ಮತ್ತು ‘ಕಡ್ಡಿ’ ಎಂಬ ಎರಡು ಬಗೆಗಳಿವೆ: ಮೊದಲನೆಯದು ದುಂಡಗೆ ದಪ್ಪನೆಯದು, ಎರಡನೆಯದು ತೆಳ್ಳಗೆ ಉದ್ದನೆಯದು. ಇವನ್ನು ‘ಪೆಟ್ಟಿಗೆ’ ಮತ್ತು ‘ಕೋಲು’ ಎಂದು ಬದಲಿಸಿದ ಲೇಖನವನ್ನು ಬ್ಯಾಡಗಿಯ ಪೇಟೆಯಲ್ಲಿ ಓದಿದವರು ಕೂಡಲೇ ಬದಿಗಿಡುತ್ತಾರೆ. ‘ಮೆಣಸಿನಕಾಯಿ’ಗೆ ಬದಲಾಗಿ ‘ಕಾಳುಮೆಣಸು’ ಎಂದರೆ ಗಿಡವೇ ಬೇರೆಯಾಯಿತು. ಟೊಟೊರೊ ಚಿತ್ರವನ್ನು ನೋಡಿರದ ಓದುಗನಿಗೆ ಇಂತಹ ರಕ್ಷಣೆ ಇಲ್ಲ. ವಿಷಯ ಬಲ್ಲವನು ತಪ್ಪನ್ನು ಕಾಣುತ್ತಾನೆ, ಆದರೆ ಅವನಿಗೆ ಆ ಲೇಖನದ ಅಗತ್ಯವಿಲ್ಲ. ಅಗತ್ಯವಿರುವವನಿಗೆ ತಪ್ಪು ಕಾಣುವುದಿಲ್ಲ.

ವಿದ್ವತ್ ಬರಹಗಳಲ್ಲಿ

2021ರಲ್ಲಿ ಗಿಯೋಮ್ ಕಬನಾಕ್, ಸಿರಿಲ್ ಲಾಬೆ ಮತ್ತು ಅಲೆಕ್ಸಾಂಡರ್ ಮಗಜಿನೋವ್ ಅವರು ವೈಜ್ಞಾನಿಕ ನಿಯತಕಾಲಿಕೆಗಳಲ್ಲಿ ಇಂತಹ ವಿಕಾರ ಪದಪುಂಜಗಳನ್ನು ಗುರುತಿಸಿದರು. ‘ಕೃತಕ ಬುದ್ಧಿಮತ್ತೆ’ ಎಂಬ ಅರ್ಥದ ಇಂಗ್ಲಿಷ್ ಪದ ಅಲ್ಲಿ ‘ನಕಲಿ ಪ್ರಜ್ಞೆ’ ಎಂಬ ಅರ್ಥದ ಪದವಾಗಿತ್ತು. ಭಾರತದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯು ಶೇ. 10ರವರೆಗಿನ ಹೋಲಿಕೆಗೆ ದಂಡನೆ ವಿಧಿಸುವುದಿಲ್ಲ. ಆ ಅಂಕಿಯೊಳಗೆ ಬರುವ ಆತುರವೂ ಪದಬದಲಾವಣೆಗೆ ಪ್ರೇರಣೆಯಾಗಬಲ್ಲದು.

ಹಕ್ಕುಸ್ವಾಮ್ಯ

ಹಕ್ಕುಸ್ವಾಮ್ಯವು ಸಂಗತಿಗಳಿಗಲ್ಲ, ಅವುಗಳ ಅಭಿವ್ಯಕ್ತಿಗೆ ಅನ್ವಯಿಸುತ್ತದೆ. ಚಿತ್ರ ಬಿಡುಗಡೆಯಾದ ದಿನಾಂಕ ಯಾರ ಸ್ವತ್ತೂ ಅಲ್ಲ. ವಾಕ್ಯಗಳ ಅಸ್ಥಿಪಂಜರವನ್ನು ಉಳಿಸಿಕೊಂಡ ಮರುಬರಹ ಮಾತ್ರ, ಪದಗಳು ಎಷ್ಟೇ ಬದಲಾದರೂ, ಮೂಲದಿಂದ ವ್ಯುತ್ಪನ್ನವಾದ ಕೃತಿಯೆಂದು ಪರಿಗಣಿತವಾಗಬಹುದು. ವಿಕಿಪೀಡಿಯದ ಪಠ್ಯವನ್ನು ಬಳಸುವವರಿಗಂತೂ ಈ ಶ್ರಮವೇ ಬೇಡ. 2009ರಿಂದ ಅದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಲಭ್ಯವಿದ್ದು, ಮೂಲವನ್ನು ಹೆಸರಿಸಿ ಅದೇ ಬಗೆಯ ಪರವಾನಗಿಯಡಿ ಹಂಚುವವರು ಯಥಾವತ್ತಾಗಿ ಬಳಸಬಹುದು, ಅನುವಾದಿಸಲೂಬಹುದು. ಇನ್ನೊಂದು ಭಾಷೆಯ ವಿಕಿಪೀಡಿಯದಿಂದ ಅನುವಾದಿಸಿದಾಗ ಮೂಲಪುಟದ ಕೊಂಡಿಯನ್ನು ಸಂಪಾದನೆಯ ಸಾರಾಂಶದಲ್ಲಿ ನಮೂದಿಸುವುದು ವಾಡಿಕೆ.