ಕನ್ನಂಬಾಡಿಯ ಕಲ್ಲು ಮತ್ತು ಪಕ್ಷಗಳ ಮಾತು

ಕೃಷ್ಣರಾಜಸಾಗರ ನೋಡಲು ಹೋದವರಲ್ಲಿ ಹೆಚ್ಚಿನವರು ಬೃಂದಾವನದ ಕಾರಂಜಿ ನೋಡಿ, ಮೀನು ತಿಂದು, ಕತ್ತಲಾದ ಮೇಲೆ ಬಸ್ಸು ಹತ್ತುತ್ತಾರೆ. ಕಟ್ಟೆಯ ಪ್ರವೇಶದ್ವಾರದ ಬಳಿ ಇಟ್ಟಿರುವ ಪಾರಸಿ ಶಾಸನದ ಎದುರು ನಿಲ್ಲುವವರು ಕಡಿಮೆ. ಉರ್ದು ಶಾಲೆಯಲ್ಲಿ ಅಕ್ಷರ ತಿದ್ದಿದ ನಮಗೆ ಆ ಲಿಪಿ ಕೂಡಿಸಿ ಓದಲು ಬರುತ್ತದೆ. ಅರ್ಥ ಮಾತ್ರ ಅರ್ಧಕ್ಕೇ ಕೈಕೊಡುತ್ತದೆ. ಉಳಿದರ್ಧಕ್ಕೆ ಅನುವಾದದ ಫಲಕವನ್ನೇ ನೋಡಬೇಕು.

ಟಿಪ್ಪು ಸುಲ್ತಾನ 18ನೇ ಶತಮಾನದ ಕೊನೆಯ ದಶಕದಲ್ಲಿ ಹಾಕಿಸಿದ ಶಾಸನ ಅದು. ಮುಂದೆ ಕನ್ನಂಬಾಡಿ ಕಟ್ಟೆಯ ಕೆಲಸದ ಕಾಲದಲ್ಲಿ ಅದು ಸಿಕ್ಕಿತು. ರಾಜಧಾನಿಯ ಪಶ್ಚಿಮಕ್ಕೆ ಕಾವೇರಿಗೆ ಅಡ್ಡಲಾಗಿ ಕಟ್ಟೆಯ ಬುನಾದಿ ಹಾಕಿದ್ದನ್ನು ಅದು ಹೇಳುತ್ತದೆ. ಆರಂಭ ನಮ್ಮದು, ಪೂರ್ಣಗೊಳಿಸುವುದು ದೇವರ ಕೈಯಲ್ಲಿದೆ ಎಂಬ ವಿನಯ ಅದರಲ್ಲಿದೆ. ಅದಾದ ಮೇಲೆ ಬರುವುದೇ ಮುಖ್ಯ ಮಾತು. ಹೊಸದಾಗಿ ಭೂಮಿ ಉತ್ತವನಿಗೆ ಇತರ ಪ್ರಜೆಗಳು ಕೊಡುವುದರಲ್ಲಿ ಕಾಲು ಭಾಗ ಮಾಫಿ. ಮುಕ್ಕಾಲು ಭಾಗ ಸರ್ಕಾರಕ್ಕೆ ಕೊಟ್ಟರೆ ಸಾಕು. ಭೂಮಿ, ಆಕಾಶ ಇರುವವರೆಗೆ ಆ ಹೊಲ ಅವನದು, ಅವನ ಮಕ್ಕಳದು. ಇದಕ್ಕೆ ಅಡ್ಡಿ ಮಾಡುವವನು ಮನುಕುಲದ ವೈರಿ.

ಈ ಕಲ್ಲು ಆಗಾಗ ಜಗಳಕ್ಕೆ ಕಾರಣವಾಗುತ್ತದೆ. 2025ರ ಆಗಸ್ಟ್‌ನಲ್ಲೂ ಒಬ್ಬ ಸಚಿವರ ಮಾತಿನಿಂದ ಅದು ಮತ್ತೆ ಎದ್ದಿತು. ಕಟ್ಟೆ ಟಿಪ್ಪುವಿನದೋ, ನಾಲ್ವಡಿ ಕೃಷ್ಣರಾಜ ಒಡೆಯರದೋ, ವಿಶ್ವೇಶ್ವರಯ್ಯನವರದೋ? ಇದರಲ್ಲಿ ಅಂಥ ಗೊಂದಲವೇನಿಲ್ಲ. ಟಿಪ್ಪುವಿನ ಕಟ್ಟೆ ಮೇಲೇಳಲಿಲ್ಲ. 1799ರ ಮೇ 4ರಂದು ಅವನೇ ಶ್ರೀರಂಗಪಟ್ಟಣದ ಕೋಟೆಯಲ್ಲಿ ಬಿದ್ದ. ಈಗ ನೀರು ನಿಲ್ಲಿಸಿರುವ ಕಟ್ಟೆ 1911ರಲ್ಲಿ ಆರಂಭವಾಗಿ ಎರಡು ದಶಕಗಳ ನಂತರ ಮುಗಿದದ್ದು. ಒಡೆಯರ ಸಂಸ್ಥಾನದ ಹಣ, ವಿಶ್ವೇಶ್ವರಯ್ಯನವರ ಬುದ್ಧಿ, ಸಾವಿರಾರು ಕೂಲಿಗಳ ಬೆವರು. ನಮ್ಮ ಪ್ರಶ್ನೆ ಬೇರೆ. ಆ ಕಲ್ಲಿನ ಮೇಲೆ ಒಬ್ಬ ದೊರೆ ರೈತನಿಗೆ ಕೊಟ್ಟ ವಚನವಿದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಪ್ರಣಾಳಿಕೆ. ಆದರೆ ಯಾರಿಗೆ ವಚನ ಕೊಟ್ಟಿತ್ತೋ ಆ ರೈತ ಕನ್ನಡದವನು. ಅದು ದರ್ಬಾರಿನ ಭಾಷೆಯಲ್ಲಿತ್ತು. ಬಯಲಿನಲ್ಲಿ ನಿಂತ ಕಲ್ಲು ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಓದು ಮಾತ್ರ ಕೆಲವರದಾಗಿತ್ತು. ತನಗೆ ಎಷ್ಟು ಮಾಫಿ ಎಂದು ತಿಳಿಯಲು ಅವನು ಅಧಿಕಾರಿಯ ಬಾಯಿಯನ್ನೇ ನಂಬಬೇಕಾಗಿತ್ತು.

ಪರಿಸರದ ಬಗ್ಗೆಯೂ ಆಡಳಿತದ ಪಾರದರ್ಶಕತೆಯ ಬಗ್ಗೆಯೂ ರಾಜಕೀಯ ಪಕ್ಷಗಳು ಕೊಡುವ ಮಾತನ್ನು ಈ ಕಲ್ಲಿನ ಪಕ್ಕದಲ್ಲಿಟ್ಟು ನೋಡಬೇಕು ಎನಿಸುತ್ತದೆ. ಪ್ರಣಾಳಿಕೆಗಳಲ್ಲಿ ಇವೆರಡೂ ಬೇರೆ ಬೇರೆ ಪುಟಗಳಲ್ಲಿರುತ್ತವೆ. ಈ ಸೀಮೆಯ ಚರಿತ್ರೆ ನೋಡಿದರೆ ಎರಡೂ ಒಂದೇ ಮಾತು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಅಕ್ಕಪಕ್ಕದ ತಾಲ್ಲೂಕುಗಳಾದರೂ ನೀರಿನ ಭಾಗ್ಯ ಒಂದೇ ಅಲ್ಲ. ಶ್ರೀರಂಗಪಟ್ಟಣದ ಸುತ್ತ ಒಡೆಯರ ಕಾಲದ ಅಣೆಗಳೂ ನಾಲೆಗಳೂ ಇವೆ. ಕೆ.ಆರ್.ಪೇಟೆಯಲ್ಲಿ ಹೇಮಾವತಿಗೆ ಕಟ್ಟಿದ ಮಂದಗೆರೆ, ಹೇಮಗಿರಿ ಅಣೆಕಟ್ಟೆಗಳಿವೆ. ನಾಗಮಂಗಲ ಹೆಚ್ಚಾಗಿ ಕೆರೆ, ಮಳೆ, ರಾಗಿಯ ಸೀಮೆ. ನೀರಿದ್ದಲ್ಲಿ ನೀರಿನ ಲೆಕ್ಕ, ಇಲ್ಲದಲ್ಲಿ ಮರದ ಲೆಕ್ಕ. ಎರಡನ್ನೂ ಕೇಳುವ ಹಕ್ಕು ಯಾರಿಗಿದೆ ಎಂಬುದರ ಮೇಲೆಯೇ ಇಲ್ಲಿನ ರಾಜಕೀಯ ಬೆಳೆದಿದೆ.

1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ಆ ಹಕ್ಕನ್ನು ಹಸಿರು ಟವಲಿನೊಂದಿಗೆ ಹಳ್ಳಿಗೆ ತಂದಿತು. ಅನುಮತಿ ಇಲ್ಲದೆ ಅಧಿಕಾರಿಗಳಿಗೆ ಪ್ರವೇಶವಿಲ್ಲ ಎಂಬ ಫಲಕ ಊರ ಬಾಗಿಲಲ್ಲಿ ನಿಂತಿತು. ಸಾಲಕ್ಕೆ ಜಪ್ತಿಯಾದ ಪಾತ್ರೆ ಪಗಡವನ್ನು ರೈತರು ವಾಪಸು ತಂದರು. ಅದಕ್ಕೆ ಮರುಜಪ್ತಿ ಎಂದು ಹೆಸರಾಯಿತು. ಬಂದ ಅಧಿಕಾರಿ ಊರಿನವರ ಎದುರು ಕೂತು ಲೆಕ್ಕ ಹೇಳಬೇಕಾಯಿತು. ಮಾಹಿತಿ ಹಕ್ಕು ಎಂಬ ಮಾತು ಹುಟ್ಟುವ ಮೊದಲೇ ಅದರ ಮೊದಲ ಪಾಠ ಅಲ್ಲಿ ನಡೆದಿತ್ತು.

ಅದೇ ಸಂಘ 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ನೀಲಗಿರಿ ಸಸಿಗಳನ್ನು ಕಿತ್ತೆಸೆಯಿತು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿಯ ನೆಲಕ್ಕೆ ಕಾರ್ಖಾನೆಗೆ ಬೇಕಾದ ಮರ ಬರುತ್ತಿತ್ತು. ಯಾರಿಗಾಗಿ ಈ ಕಾಡು ಎಂದು ಕೇಳಿದವರನ್ನು ಅಂದು ಅಭಿವೃದ್ಧಿ ವಿರೋಧಿಗಳೆಂದರು. 2017ರಲ್ಲಿ ಕರ್ನಾಟಕ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ರೈತ ಕಣ್ಣಾರೆ ಕಂಡ ಸತ್ಯ ಸರ್ಕಾರಿ ಆದೇಶವಾಗಲು 34 ವರ್ಷ ಹಿಡಿಯಿತು! ಅಷ್ಟರಲ್ಲಿ ಬತ್ತಿದ ಬಾವಿಗಳ ಲೆಕ್ಕ ಯಾವ ಕಡತದಲ್ಲಿದೆ?

ಚಳುವಳಿ ಪಕ್ಷವಾಗುವ ಕಥೆಗೆ ಪಾಂಡವಪುರಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ರೈತ ಸಂಘದಿಂದ ಪಾಂಡವಪುರದ ಶಾಸಕರಾದರು. 2005ರಲ್ಲಿ ದೇವನೂರ ಮಹಾದೇವ ಮೊದಲಾದವರ ಮುಂದಾಳತ್ವದಲ್ಲಿ ರೈತ, ದಲಿತ ಚಳುವಳಿಗಳು ಸೇರಿ ಸರ್ವೋದಯ ಕರ್ನಾಟಕ ಪಕ್ಷ ಕಟ್ಟಿದವು. 2013ರಲ್ಲಿ ಪುಟ್ಟಣ್ಣಯ್ಯ ಆ ಪಕ್ಷದಿಂದ ಮೇಲುಕೋಟೆ ಕ್ಷೇತ್ರದಲ್ಲಿ ಗೆದ್ದರು. 2018ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಮಗ ದರ್ಶನ್ ಪುಟ್ಟಣ್ಣಯ್ಯ ಸ್ವರಾಜ್ ಇಂಡಿಯಾದಿಂದ ನಿಂತು ಸೋತರು. 2023ರಲ್ಲಿ ಕಾಂಗ್ರೆಸ್ಸಿನ ಬೆಂಬಲದೊಂದಿಗೆ ಸರ್ವೋದಯ ಕರ್ನಾಟಕ ಪಕ್ಷದಿಂದ ಗೆದ್ದರು. 2016ರಲ್ಲಿ ಹುಟ್ಟಿದ ಸ್ವರಾಜ್ ಇಂಡಿಯಾ, ಮಾಹಿತಿ ಹಕ್ಕಿಗೆ ತಾನೇ ಒಳಪಡುವುದಾಗಿ ಹೇಳಿಕೊಂಡಿದ್ದ ಪಕ್ಷ. ಸಣ್ಣ ಪಕ್ಷದ ಮಾತು ಎಂದು ತಳ್ಳಿಹಾಕುವ ಹಾಗಿಲ್ಲ. ದೊಡ್ಡ ಪಕ್ಷಗಳು ಈ ಮಾತನ್ನು ಕೊಡುವುದಕ್ಕೇ ಹೆದರುತ್ತವೆ.

ಮಾತಿನ ಪರೀಕ್ಷೆ ನಡೆದದ್ದು ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದಲ್ಲಿ. ಅದು ಅಮೃತಮಹಲ್ ಕಾವಲು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯ ದನಗಳನ್ನು ಹೈದರ್ ಬೆಳೆಸಿದ, ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟು ಅದಕ್ಕೊಂದು ಕಟ್ಟುಪಾಡು ಬರೆಸಿದ. ದನ ಮೇಯುವ ಇಂಥ ಕಾವಲಿಗೆ ನಮ್ಮ ಕಾಲದಲ್ಲಿ ಕಲ್ಲುಗಣಿ ಬಂತು, ಜಲ್ಲಿ ಯಂತ್ರ ಬಂತು, ಸಿಡಿಮದ್ದು ಬಂತು. ಮನೆಯ ಗೋಡೆ ಬಿರುಕುಬಿಟ್ಟಿದೆ ಎಂದು ಸುತ್ತಲಿನ ಹಳ್ಳಿಗರು ದೂರಿದರು. ಸುಣ್ಣ ಮತ್ತು ಸುರ್ಕಿಯ ಗಾರೆಯಲ್ಲಿ ಕಟ್ಟಿದ ಕನ್ನಂಬಾಡಿ ಕಟ್ಟೆ ಈ ಅದುರನ್ನು ಎಷ್ಟು ಕಾಲ ತಡೆದೀತು ಎಂಬ ಭಯವೂ ಹುಟ್ಟಿತು.

2018ರ ಸೆಪ್ಟೆಂಬರ್ 25ರಂದು ಕಟ್ಟೆಯ ಸುತ್ತಮುತ್ತ ಭಾರೀ ಸದ್ದು ಕೇಳಿಸಿತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಭೂಕಂಪ ಮಾಪಕದಲ್ಲಿ ಅದು ದಾಖಲಾಯಿತು. ಕಲ್ಲುಗಣಿಯ ಸ್ಫೋಟವೇ ಕಾರಣವೆಂದು, ಕಟ್ಟೆಯ ಹಿತದೃಷ್ಟಿಯಿಂದ ಗಣಿ ನಿಲ್ಲಬೇಕೆಂದು ಕೇಂದ್ರ ಬರೆಯಿತು. ಆ ದಾಖಲೆ ಹೊರಬಂದ ಮೇಲೆಯೇ ಹಳ್ಳಿಗರ ಮಾತಿಗೆ ತೂಕ ಬಂತು. ಅಲ್ಲಿಯವರೆಗೆ ಅವರ ಕಿವಿ ಕೇಳಿದ್ದು, ಗೋಡೆ ತೋರಿಸಿದ್ದು ಯಾವುದೂ ಪುರಾವೆಯಾಗಿರಲಿಲ್ಲ. 2021ರ ಜುಲೈಯಲ್ಲಿ ಕಟ್ಟೆಯಲ್ಲಿ ಬಿರುಕಿದೆ ಎಂದು ಅಂದಿನ ಮಂಡ್ಯದ ಸಂಸದೆ ಸುಮಲತಾ ಅಂಬರೀಶ್ ಹೇಳಿದರು. ಇಲ್ಲವೆಂದಿತು ನೀರಾವರಿ ಇಲಾಖೆ. ದೊಡ್ಡವರು ಪರಸ್ಪರ ಬೈದುಕೊಂಡರು. ಕಟ್ಟೆಯ ಕೆಳಗೆ ಮನೆ ಮಾಡಿಕೊಂಡವರು ಮಾತ್ರ ಯಾರನ್ನು ನಂಬಬೇಕೆಂದು ತಿಳಿಯದೆ ಉಳಿದರು. ಪರೀಕ್ಷಾರ್ಥ ಸ್ಫೋಟದ ಪ್ರಸ್ತಾಪ ಬಂದಾಗ 2022ರಲ್ಲೂ 2024ರಲ್ಲೂ ರೈತರು ಬೀದಿಗಿಳಿದು ತಡೆದರು. 2024ರ ಜನವರಿ 8ರಂದು ಕರ್ನಾಟಕ ಹೈಕೋರ್ಟ್, ಅಣೆಕಟ್ಟೆ ಸುರಕ್ಷತಾ ಕಾಯ್ದೆಯಡಿ ಅಧ್ಯಯನ ಮುಗಿಯುವವರೆಗೆ ಕಟ್ಟೆಯ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ಕೂಡದೆಂದು ಆದೇಶಿಸಿತು.

ಇದರಲ್ಲಿ ಪರಿಸರ ಎಲ್ಲಿ ಮುಗಿಯಿತು, ಪಾರದರ್ಶಕತೆ ಎಲ್ಲಿ ಆರಂಭವಾಯಿತು? ಗಣಿಯ ಗುತ್ತಿಗೆ ಎಷ್ಟು ಎಕರೆಗೆ, ಯಾವ ತಾರೀಖಿನವರೆಗೆ, ಎಷ್ಟು ಮದ್ದಿಗೆ ಪರವಾನಗಿ ಎಂಬುದು ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿದ್ದರೆ, ಅರ್ಧ ಜಗಳ ಅಲ್ಲೇ ತೀರುತ್ತಿತ್ತು.

ಕನ್ನಡದಲ್ಲಿ ಎಂಬ ಮಾತು ಅಲಂಕಾರಕ್ಕೆ ಹೇಳಿದ್ದಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಪರಿಸರ ಪರಿಣಾಮ ಅಂದಾಜಿನ ಹೊಸ ಕರಡನ್ನು ಇಂಗ್ಲಿಷ್, ಹಿಂದಿಗಳಲ್ಲಿ ಹೊರಡಿಸಿ ಜನರ ಅಭಿಪ್ರಾಯ ಕೇಳಿತು. ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲೂ ಪ್ರಕಟಿಸಿ ಎಂದು ಜೂನ್ 30ರಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಯನ್ನು ತಾತ್ಕಾಲಿಕವಾಗಿ ತಡೆಯಿತು. ಎರಡು ಶತಮಾನ ಕಳೆದರೂ ಕಲ್ಲಿನ ಲಿಪಿ ಬದಲಾಗಲಿಲ್ಲ. ಪಾರಸಿಯ ಜಾಗದಲ್ಲಿ ಇಂಗ್ಲಿಷ್ ಬಂತು, ಅಷ್ಟೆ.

ಬಯಲಿಗೆ ಬಂದ ಕಾಗದಕ್ಕೆ ಎಂಥ ಬಲವಿದೆ ಎಂಬುದಕ್ಕೂ ಈ ಸೀಮೆಯ ಸಂಬಂಧವಿದೆ. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿಯನ್ನು 2011ರ ಜುಲೈ 27ರಂದು ಕೊಟ್ಟರು. ನಾಲ್ಕೇ ದಿನಕ್ಕೆ, ಕೆ.ಆರ್.ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ ಹುಟ್ಟಿದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ನೀಡಿದರು. ಗಣಿ ಕಂಪನಿಯಿಂದ ಲಂಚ ಪಡೆದ ಆರೋಪದಿಂದ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು ಎಂಬುದನ್ನೂ ಹೇಳದಿದ್ದರೆ ನ್ಯಾಯವಾಗದು. ವ್ಯಕ್ತಿಯ ತಪ್ಪೊಪ್ಪು ನ್ಯಾಯಾಲಯದ ವಿಚಾರ. ಆದರೆ ಬಳ್ಳಾರಿಯ ಬೆಟ್ಟಗಳಿಗೆ ಏನಾಯಿತು ಎಂಬುದನ್ನು ನಾಡು ತಿಳಿದದ್ದು ಪಕ್ಷಗಳ ಬಾಯಿಂದಲ್ಲ.

ಕರ್ನಾಟಕ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. 2005ರಲ್ಲಿ ಕೇಂದ್ರದ ಕಾಯ್ದೆ ಬಂತು. ಯಾರೂ ಕೇಳದಿದ್ದರೂ ಇಲಾಖೆಗಳು ತಾವೇ ಪ್ರಕಟಿಸಬೇಕಾದದ್ದನ್ನು ಅದರ 4ನೇ ಕಲಮು ಪಟ್ಟಿ ಮಾಡುತ್ತದೆ. ಆದರೆ 2008ರಲ್ಲಿ ನಮ್ಮ ರಾಜ್ಯದ ನಿಯಮ ಅರ್ಜಿಗೆ 150 ಪದಗಳ ಮಿತಿ ಹಾಕಿತು. ಕಥೆ ಬರೆಯುವ ನಾವೇ ಒಂದು ಬಾವಿ ಬತ್ತಿದ್ದನ್ನು 150 ಪದಗಳಲ್ಲಿ ಹೇಳಲು ತಿಣುಕುತ್ತೇವೆ; ರೈತ ಹೇಗೆ ಹೇಳಿಯಾನು? 2013ರ ಜೂನ್ 3ರಂದು ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳೂ ಈ ಕಾಯ್ದೆಗೆ ಒಳಪಡುತ್ತವೆ ಎಂದಿತು. ಪರಸ್ಪರ ಮುಖ ನೋಡದ ಪಕ್ಷಗಳು ಅದನ್ನು ಪಾಲಿಸದಿರುವುದರಲ್ಲಿ ಮಾತ್ರ ಒಂದಾದವು. ಯಾರು ದುಡ್ಡು ಕೊಟ್ಟರೆಂದು ಮುಚ್ಚಿಡುವ ಚುನಾವಣಾ ಬಾಂಡ್ ಕೂಡ ಬಂತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ದುಡ್ಡಿನ ಮೂಲ ಮುಚ್ಚಿಟ್ಟ ಪಕ್ಷ ಕೆರೆಯ ಮೂಲ ಕಾಪಾಡುವೆನೆಂದರೆ ನಂಬುವುದು ಹೇಗೆ?

ಸಾಲದ ವ್ಯವಹಾರ ಮಾಡಿದರೆ ಬರೆದಿಡಿ, ಸಾಕ್ಷಿಗಳನ್ನು ಕರೆಯಿರಿ, ಬರೆಯಬಲ್ಲವನು ಬರೆಯಲು ನಿರಾಕರಿಸದಿರಲಿ ಎಂದು ನಮ್ಮ ಧರ್ಮಗ್ರಂಥ ತಾಕೀತು ಮಾಡುತ್ತದೆ. ಹರಿಯುವ ಹೊಳೆಯ ದಡದಲ್ಲಿ ವುಜೂ ಮಾಡುವಾಗಲೂ ನೀರು ಪೋಲು ಮಾಡಬೇಡಿ ಎಂಬ ಪ್ರವಾದಿಯವರ ಮಾತನ್ನು ಮಕ್ಕಳಾಗಿದ್ದಾಗಲೇ ಕೇಳಿದ್ದೇವೆ. ನೀರೂ ಅಮಾನತ್ತು, ಮಾತೂ ಅಮಾನತ್ತು. ಇದನ್ನು ಪಕ್ಷಗಳಿಗೆ ಹೇಳುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ವಕ್ಫ್ ಜಮೀನಿನ ಗೇಣಿ ಎಷ್ಟು, ಜಮಾತಿನ ಚಂದಾ ಎಲ್ಲಿಗೆ ಹೋಯಿತು ಎಂದು ಕೇಳಿದ ಹುಡುಗನನ್ನು ಗದರಿಸಿ ಕೂರಿಸುವವರು, ವಿಧಾನಸೌಧದಿಂದ ಯಾವ ಬಾಯಲ್ಲಿ ಲೆಕ್ಕ ಕೇಳುತ್ತೀರಿ?

ಮಾತು ನಿಂತ ಉದಾಹರಣೆಯೂ ಇಲ್ಲೇ ಇದೆ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಮೈಸೂರು ಸಂಸ್ಥಾನ ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಅದು ಕರ್ನಾಟಕದ ಮೊದಲ ರಾಮ್ಸರ್ ತಾಣವಾಯಿತು. ಹಳೆಯ ಅಣೆಯಿಂದ ಹುಟ್ಟಿದ ತಿಟ್ಟುಗಳ ಮೇಲೆ ಕೊಕ್ಕರೆಗಳು ಇಂದೂ ಗೂಡು ಕಟ್ಟುತ್ತವೆ. ಆ ಮಾತು ಉಳಿಯಿತೋ ಇಲ್ಲವೋ ಎಂದು ದೋಣಿಯಲ್ಲಿ ಹೋದ ಯಾರು ಬೇಕಾದರೂ ಕಣ್ಣಾರೆ ನೋಡಬಹುದು. ಕಾಣುವಂತಿದ್ದ ಮಾತು ಉಳಿಯಿತು.

ಮುಂದಿನ ಚುನಾವಣೆಯಲ್ಲಿ ಈ ನಾಲ್ಕು ತಾಲ್ಲೂಕುಗಳಿಗೆ ಯಾವ ಬಾವುಟದವರು ಬಂದರೂ ಮೂರೇ ಪ್ರಶ್ನೆ ಕೇಳೋಣ. ಕಳೆದ ಸಲ ಕೊಟ್ಟ ಮಾತಿನ ಲೆಕ್ಕ ಎಲ್ಲಿ? ಬೆಟ್ಟದ ಗುತ್ತಿಗೆ, ನಾಲೆಯ ಟೆಂಡರು ನಮ್ಮ ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಯಾವತ್ತು ಬರುತ್ತದೆ? ನಿಮ್ಮ ಪಕ್ಷಕ್ಕೆ ಕಾಸು ಕೊಟ್ಟವರು ಯಾರು? ಉತ್ತರ ಕೊಡಬಲ್ಲವರು ಹಸಿರು ಟವಲಿನವರಾದರೂ ಸರಿ, ಬೇರೆಯವರಾದರೂ ಸರಿ.

ಕನ್ನಂಬಾಡಿಯ ಕಲ್ಲು ಬರೆಸಿದ ದೊರೆ, ಮಾತಿಗೆ ಅಡ್ಡಿಯಾದವನನ್ನು ಮನುಕುಲದ ವೈರಿ ಎಂದ. ಆದರೆ ಅಡ್ಡಿ ಮಾಡಿದವನನ್ನು ಗುರುತಿಸಲು ರೈತನಿಗೆ ಮೊದಲು ಆ ಮಾತು ಏನೆಂದು ತಿಳಿಯಬೇಕಿತ್ತು. ಅಂದು ಅವನಿಗೆ ಅದನ್ನು ಓದಿ ಹೇಳುವವರು ಇರಲಿಲ್ಲ. ಇಂದು ಎರಡು ಅಕ್ಷರ ಕಲಿತ ನಾವಿದ್ದೇವೆ. ಓದಿ ಹೇಳುವ ಕೆಲಸ ನಮ್ಮದು.