ಫಕೀಹ್: ಕಲ್ಯಾಣ ಸೀಮೆಯ ಒಂದು ಅಡ್ಡಹೆಸರು ಮತ್ತು ಅದನ್ನು ಓದಿದವರು

ಕಲ್ಯಾಣ, ಭಿವಂಡಿ, ಪನವೇಲ್ ಕಡೆಯ ಕೊಂಕಣಿ ಮುಸ್ಲಿಮರಲ್ಲಿ ಫಕೀಹ್ ಎಂಬ ಅಡ್ಡಹೆಸರಿನ ಮನೆತನಗಳಿವೆ. ಠಾಣೆ, ಡೊಂಬಿವಲಿಯ ನಮ್ಮ ಕನ್ನಡಿಗರ ಕಿವಿಗೆ ಅದು ಫಕೀರ ಎಂದೇ ಬೀಳುತ್ತದೆ. ಎರಡಕ್ಕೂ ನಂಟಿಲ್ಲ. ಫಕೀರ ಬಡತನವನ್ನು ಒಪ್ಪಿಕೊಂಡವನು. ಫಕೀಹ್ ಇಸ್ಲಾಮಿನ ಧರ್ಮಶಾಸ್ತ್ರವಾದ ಫಿಕ್ಹ್ ಬಲ್ಲವನು. ಕೊಂಕಣ ಕರಾವಳಿ ಬಿಟ್ಟರೆ ಭಾರತದಲ್ಲಿ ಈ ಹೆಸರಿನವರು ವಿರಳ. ಹಾಗಾಗಿ ಇದರ ಬಗ್ಗೆ ಬರೆದವರೂ ವಿರಳ. ಬರೆದಷ್ಟನ್ನು ಒಟ್ಟಿಗಿಟ್ಟು ನೋಡಬೇಕೆನಿಸಿದ್ದಕ್ಕೆ ಕಾರಣ, ಈಚೆಗೆ ಹಬ್ಬಿರುವ ಎರಡು ಸುಲಭದ ಓದುಗಳು.

ಒಂದು ಓದಿನ ಪ್ರಕಾರ ಅರಬ್ಬಿ ಹೆಸರಿದ್ದರೆ ಅರಬ್ಬಿ ರಕ್ತ. ಯೆಮನ್ ದೇಶದ ಕೆಂಪು ಸಮುದ್ರದ ಬದಿಯಲ್ಲಿ ಬೈತ್ ಅಲ್ ಫಕೀಹ್ ಎಂಬ ಊರಿದೆ, ಒಂದು ಕಾಲಕ್ಕೆ ಕಾಫಿಯ ದೊಡ್ಡ ಪೇಟೆ. ಅಲ್ಲಿಂದ ನೇರ ಕಲ್ಯಾಣಕ್ಕೆ ಗೆರೆ ಎಳೆದರಾಯಿತು. ಇನ್ನೊಂದು ಓದು ಇದರ ತಿರುವು. ಪಾರ್ಕರ್, ತುಂಗೇಕರ್ ಎಂಬಂಥ ‘ಕರ್’ ಕೊನೆಯ ಹೆಸರು ಕಂಡೊಡನೆ ಮತಾಂತರಕ್ಕೆ ಪುರಾವೆ ಸಿಕ್ಕಿತೆಂದು ಟೀವಿಯವರು ಕುಣಿಯುತ್ತಾರೆ. ಊರ ಹೆಸರು ಹೊತ್ತವರೆಲ್ಲ ಯಾವುದಕ್ಕೋ ಪುರಾವೆ ಎನ್ನುವುದಾದರೆ ರಹಮತ್ ತರೀಕೆರೆ, ಬೋಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ ಇವರನ್ನೆಲ್ಲ ಏನೆನ್ನೋಣ? ಅವರ ಹೆಸರು ಅವರ ಊರನ್ನು ಹೇಳುತ್ತದೆ, ಅಷ್ಟೇ.

ಹಳೆಯ ಕಾಲದ ಸಾಕ್ಷ್ಯ ಬೇಗ ಹೇಳಿ ಮುಗಿಸಬಹುದಾದಷ್ಟೇ ಇದೆ. 10ನೇ ಶತಮಾನದ ಆರಂಭದಲ್ಲಿ ಚೌಲ್ ಬಂದರನ್ನು ಕಂಡ ಅಲ್ ಮಸೂದಿ ಅಲ್ಲಿ ಸುಮಾರು 10,000 ಮುಸ್ಲಿಮರಿದ್ದರೆಂದೂ, ಅವರಲ್ಲಿ ಇಲ್ಲೇ ಹುಟ್ಟಿದವರಿಗೆ ಬೇರೆ ಹೆಸರೇ ಇತ್ತೆಂದೂ ಬರೆದಿದ್ದಾನೆ. ಅದೇ ಕಾಲದ ಚಿಂಚಣಿ ತಾಮ್ರಪಟವನ್ನು ಡಿ. ಸಿ. ಸರ್ಕಾರ್ ಓದಿ ಪ್ರಕಟಿಸಿದರು. ಕ್ರಿ.ಶ. 926ರ ಈ ಪಟದಲ್ಲಿ ಮಳಖೇಡದ ರಾಷ್ಟ್ರಕೂಟರ ಪರವಾಗಿ ಸಂಜಾಣವನ್ನು ಆಳುತ್ತಿದ್ದವನು ತಾಜಿಕ (ಅರಬ್) ವಂಶದ ಮಧುಮತಿ, ಅಂದರೆ ಮಹಮ್ಮದ್. ಅವನ ಆಡಳಿತದಲ್ಲಿ ಅಲ್ಲೊಂದು ಮಠಕ್ಕೆ ಭೂಮಿ ದತ್ತಿಯಾಗುತ್ತದೆ. ಪಟಕ್ಕೆ ಹೆಸರು ಕೊಟ್ಟ ಚಿಂಚಣಿ 2014ರವರೆಗೆ ಠಾಣೆ ಜಿಲ್ಲೆಯಲ್ಲೇ ಇದ್ದ ಊರು. ರಾಷ್ಟ್ರಕೂಟರ ಬಗ್ಗೆ ಎದೆಯುಬ್ಬಿಸಿ ಮಾತಾಡುವ ನಮ್ಮ ಸಂಘಗಳ ಭಾಷಣಗಳಲ್ಲಿ ಮಧುಮತಿಯ ಹೆಸರು ನಾನು ಕೇಳಿಲ್ಲ.

ಫಕೀಹ್ ಎಂಬ ಹುದ್ದೆ ಈ ಕರಾವಳಿಯಲ್ಲಿ ಕಣ್ಣಿಗೆ ಕಾಣುವಂತೆ ಸಿಗುವುದು ಇಬ್ನ್ ಬತೂತನಲ್ಲಿ, ಅದೂ ನಮ್ಮ ಹೊನ್ನಾವರದಲ್ಲಿ. 1340ರ ದಶಕದಲ್ಲಿ ಅಲ್ಲಿಗೆ ಬಂದ ಅವನು ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದುದನ್ನು ಬರೆದಿಟ್ಟ ಭಾಗವನ್ನು ಎಲ್ಲರೂ ಎತ್ತಿಕೊಳ್ಳುತ್ತಾರೆ. ಅದರ ಆಚೀಚೆಯ ಸಾಲುಗಳನ್ನು ಬಿಡುತ್ತಾರೆ. ಊರಿನವರು ಶಾಫಿಯಿ ಪಂಥದವರು, ಕುರಾನ್ ಓದಿಸುವ ಫಕೀಹ್ ಇಸ್ಮಾಯಿಲ್ ಎಂಬವನಿದ್ದ, ಕಾಜಿ ನೂರುದ್ದೀನ್ ಅಲಿ ಇದ್ದ, ಶುಕ್ರವಾರದ ಪ್ರವಚನ ಓದುವ ಒಬ್ಬ ಖತೀಬನಿದ್ದ. ಫಕೀಹ್, ಕಾಜಿ, ಖತೀಬ್ ಈ ಮೂರೂ ಇವತ್ತು ಠಾಣೆ ಸೀಮೆಯ ಮನೆತನದ ಹೆಸರುಗಳು. ಮಲಬಾರಿನ ಬಂದರುಗಳಲ್ಲೂ ಅವನಿಗೆ ಫಕೀಹರು ಸಿಗುತ್ತಾರೆ. ಒಬ್ಬ ಆಫ್ರಿಕದ ಮೊಗದಿಶುವಿನಿಂದ ಬಂದವನು, ಇನ್ನೊಬ್ಬ ಬಾಗ್ದಾದಿನವನು. ಹುದ್ದೆ ಒಂದೇ, ಹುಟ್ಟಿದ ನೆಲ ಬೇರೆ ಬೇರೆ.

ಮಾಹಿಮಿನ ಮಖ್ದೂಮ್ ಅಲಿಯವರು 14ನೇ ಶತಮಾನದ ಕೊನೆ, 15ರ ಮೊದಲ ಭಾಗದ ವಿದ್ವಾಂಸರು, ಕುರಾನಿಗೆ ಅರಬ್ಬಿಯಲ್ಲಿ ವ್ಯಾಖ್ಯಾನ ಬರೆದವರು. ಅವರನ್ನು ಫಕೀಹ್ ಅಲಿ ಎಂದು ಕರೆಯುತ್ತಿದ್ದರು. ಇಲ್ಲಿ ಆ ಪದ ಹೆಸರಿನ ಮುಂದೆ ನಿಂತಿದೆ. ಅದು ಬಿರುದು, ಮನೆತನವಲ್ಲ. ಬಿರುದು ಹೆಸರಿನ ಹಿಂದಕ್ಕೆ ಸರಿದು, ಶಾಸ್ತ್ರದ ಒಂದಕ್ಷರ ಓದದ ಮೊಮ್ಮಗನಿಗೂ ಅಂಟಿದ್ದು ಯಾವಾಗ, ಹೇಗೆ? ಈ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ ಎಂದು ನನ್ನ ಎಣಿಕೆ. ಬಹುಪಾಲು ಬರಹಗಾರರು ಇದನ್ನು ಕೇಳದೆ ಮೂಲಪುರುಷ ಯಾರೆಂದು ಕೇಳಿದರು.

ಆ ಚಟ ಹಚ್ಚಿದವರು ಇಂಗ್ಲಿಷರು. 1810ರಲ್ಲಿ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ, ಇರಾಕಿನ ಅಧಿಕಾರಿ ಹಜ್ಜಾಜನ ಕಿರುಕುಳಕ್ಕೆ ಹೆದರಿ ಹಡಗು ಹತ್ತಿ ಬಂದವರೇ ಭಟ್ಕಳ ಕಡೆಯ ಮುಸ್ಲಿಮರಾದ ನವಾಯತರು ಎಂಬ ಕಥೆಯನ್ನು ಬರೆದ. ಕ್ಯಾಂಬೆಲ್ಲನ ಮುಂಬಯಿ ಪ್ರಾಂತ್ಯದ ಗೆಜೆಟಿಯರು (ಠಾಣೆ 1882, ಕೆನರಾ 1883) ಮುಸ್ಲಿಮರನ್ನು ಪಂಗಡ ಪಂಗಡವಾಗಿ ವಿಂಗಡಿಸಿತು. ಎಂಥೋವನ್ನನ ಮೂರು ಸಂಪುಟಗಳು (1920–22) ಅದನ್ನೇ ಇನ್ನಷ್ಟು ಒಪ್ಪ ಮಾಡಿದವು. ಇದೇ ಸರ್ಕಾರದ ಕಂದಾಯ, ಕೋರ್ಟು, ಶಾಲೆಯ ಪುಸ್ತಕಗಳು ಜನರಿಗೆ ಖಾಯಂ ಅಡ್ಡಹೆಸರು ಬೇಕೆಂದು ಒತ್ತಾಯಿಸುತ್ತಿದ್ದವು. ಒಂದು ಕೈ ಹೆಸರನ್ನು ಗಟ್ಟಿ ಮಾಡುತ್ತಿದ್ದಾಗ ಇನ್ನೊಂದು ಕೈ ಅದು ಸಾವಿರ ವರ್ಷದ್ದೆಂದು ಬರೆಯುತ್ತಿತ್ತು. ಹೈದರಾಬಾದಿನ ಅಜೀಜ್ ಜಂಗರು 20ನೇ ಶತಮಾನದ ಆರಂಭದಲ್ಲಿ ಉರ್ದುವಿನಲ್ಲಿ ಬರೆದ ನವಾಯತರ ಚರಿತ್ರೆ ಶ್ರಮದ ಪುಸ್ತಕ. ಆದರೆ ಅದರ ಕಣ್ಣು ದೊಡ್ಡ ಮನೆತನಗಳ ಮೇಲೆ.

ಇಲ್ಲಿ ಜದುನಾಥ ಸರ್ಕಾರರನ್ನು ನೆನೆಯಲೇಬೇಕು. ಅಡ್ಡಹೆಸರು ಅವರ ವಿಷಯವಲ್ಲ. ಆದರೂ ಕಲ್ಯಾಣದ ಮಟ್ಟಿಗೆ ಅವರು ಕೊಟ್ಟಷ್ಟು ಗಟ್ಟಿ ಸಾಮಗ್ರಿಯನ್ನು ವಂಶಾವಳಿಯವರು ಯಾರೂ ಕೊಡಲಿಲ್ಲ. 1657ರಲ್ಲಿ ಶಿವಾಜಿ ಕಲ್ಯಾಣವನ್ನು ಹಿಡಿಯುವ ಮೊದಲು ಆ ಸೀಮೆ ವಿಜಾಪುರದ ಆದಿಲಶಾಹಿಯ ಸರದಾರ ಮುಲ್ಲಾ ಅಹಮದನ ಜಾಗೀರು; ಅವನು ನವಾಯತ. ಮುಂದೆ ಔರಂಗಜೇಬನ ಪರವಾಗಿ ಉತ್ತರ ಕೊಂಕಣವನ್ನು ಗೆದ್ದು ಕಲ್ಯಾಣದಿಂದ ಆಳಿದ ಮಾತಬರ್ ಖಾನನೂ ನವಾಯತ. ಕಲ್ಯಾಣದ ಕೆರೆಯ ಬಳಿ ಅವನ ಗೋರಿ ಇದೆ, ಲೋಕಲ್ ಟ್ರೇನಿನಲ್ಲಿ ದಿನಾ ಓಡಾಡುವ ಲಕ್ಷಗಟ್ಟಲೆ ಜನರಿಗೆ ಅದು ಗೊತ್ತಿಲ್ಲ. ಹೀಗೆ ಭಟ್ಕಳದ ನವಾಯತ, ವಿಜಾಪುರದ ದರ್ಬಾರು, ಕಲ್ಯಾಣದ ಖಾಡಿ (ಹಿನ್ನೀರು) ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ.

ಕನ್ನಡದ ಪಾಲು ಏನು? ಹೆಚ್ಚಿಲ್ಲ. ಶಂಬಾ ಜೋಶಿಯವರು 1930ರ ದಶಕದಲ್ಲಿ ‘ಕಣ್ಮರೆಯಾದ ಕನ್ನಡ’, ‘ಮಹಾರಾಷ್ಟ್ರದ ಮೂಲ’ ಬರೆದು ಮರಾಠಿ ನೆಲದ ಹೆಸರುಗಳನ್ನು ಕೆದಕಿದರು. ಅವರ ಹಿಂದೆ ಬಂದ ನಾಮವಿಜ್ಞಾನಿಗಳು ಊರು, ಹೊಲ, ಗುಡ್ಡಗಳ ಹೆಸರಿನಲ್ಲೇ ತೃಪ್ತರಾದರು. ಮುಸ್ಲಿಮರ ಅಡ್ಡಹೆಸರು ಅವರಿಗೆ ಪರದೇಶದ ಸರಕಾಗಿ ಕಂಡಿತೋ ಏನೋ. ಉತ್ತರ ಕರ್ನಾಟಕದ ನದಾಫ, ಮುಜಾವರ, ಅತ್ತಾರ, ಕಿಲ್ಲೇದಾರರು ಕಣ್ಣೆದುರೇ ಇದ್ದರು. ಮರಾಠಿ ಲೇಖಕ ಹಮೀದ್ ದಳವಾಯಿಯವರ ಹೆಸರಿನಲ್ಲಿ ನಮ್ಮ ಮೈಸೂರಿನ ದಳವಾಯಿಯೇ ಕೂತಿದ್ದ.

ಇದಕ್ಕೆ ಹೊರತಾದದ್ದು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ. ವಿಕ್ಟರ್ ಡಿಸೋಜಾ ಅವರ ಕೆನರಾ ನವಾಯತರ ಅಧ್ಯಯನವನ್ನು ಅದು 1955ರಲ್ಲಿ ಇಂಗ್ಲಿಷಿನಲ್ಲಿ ಹೊರತಂದಿತು. ಮೂಲದ ಚರ್ಚೆ ಅದರಲ್ಲೂ ಇದೆ, ಬಿಟ್ಟು ಓದಿದರೆ ನಷ್ಟವಿಲ್ಲ. ಅದರ ಬೆಲೆ ಇರುವುದು ಮದುವೆ, ಮನೆವಾರ್ತೆ, ನಂಟಸ್ತಿಕೆಗಳನ್ನು ಬಂದವರು ಮತ್ತು ಇದ್ದವರ ಒಡನಾಟದ ಫಲವಾಗಿ ನೋಡಿದ್ದರಲ್ಲಿ.

ನಮ್ಮ ಪೀಳಿಗೆ ಕಣ್ಣು ಬಿಟ್ಟದ್ದು ಅಲ್ಲಿಂದ ಮುಂದೆ, 1970ರ ದಶಕದಲ್ಲಿ. ಇಮ್ತಿಯಾಜ್ ಅಹಮದರು ಸಂಪಾದಿಸಿದ, ಭಾರತದ ಮುಸ್ಲಿಮರಲ್ಲಿ ಜಾತಿ ಕುರಿತ ಸಂಕಲನ 1973ರಲ್ಲಿ ಬಂದಾಗ ಎದ್ದ ಗದ್ದಲ ಇವತ್ತಿನವರಿಗೆ ತಿಳಿಯದು. ಅದರ 1978ರ ಆವೃತ್ತಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಎ. ಆರ್. ಮೋಮಿನರು ಭಿವಂಡಿಯ ಬಗ್ಗೆ ಬರೆದರು. ಉತ್ತರ ಹಿಂದುಸ್ತಾನದಿಂದ ಬಂದು ಮಗ್ಗ ಹೂಡಿದ ಮೋಮಿನ್ ಪಂಗಡದ ನೇಕಾರರು ಒಂದು ಕಡೆ, ಮೊದಲಿನಿಂದ ಜಮೀನು ಹಿಡಿದಿದ್ದ ಕೊಂಕಣಿಗಳು ಇನ್ನೊಂದು ಕಡೆ. ಒಬ್ಬರು ಹನಫಿ, ಇನ್ನೊಬ್ಬರು ಶಾಫಿಯಿ. ಹೆಣ್ಣು ಕೊಟ್ಟು ತರುವುದು ತಂತಮ್ಮೊಳಗೇ. ಅಡ್ಡಹೆಸರನ್ನು ಪುರಾಣದಿಂದ ಬಿಡಿಸಿ ಬೀದಿಗೆ, ಮಸೀದಿಗೆ, ಬೀಗರ ಮನೆಗೆ ತಂದು ನಿಲ್ಲಿಸಿದ್ದು ಈ ಬಗೆಯ ಬರಹ. ಅಲ್ಲಿಂದ ನಮ್ಮಲ್ಲಿ ಕೆಲವರು ಶಜರಾ ಕೇಳುವುದನ್ನು ಬಿಟ್ಟೆವು. ಶಜರಾ ಎಂದರೆ ಮನೆತನದವರು ಬರೆಸಿಟ್ಟುಕೊಂಡ ವಂಶವೃಕ್ಷ. ಬಹುತೇಕ ಅದರ ಬೇರು ಮದೀನದಲ್ಲೋ ಬಸ್ರಾದಲ್ಲೋ ಇರುತ್ತದೆ, ಮಧ್ಯದ ಕಾಂಡ ಇರುವುದಿಲ್ಲ. ಅದರ ಬದಲು ಜಮಾತಿನ ದಫ್ತರ, ನಿಕಾಹಿನ ಪುಸ್ತಕ, ಸಾತ್‌ಬಾರಾ ಉತಾರ (ನಮ್ಮ ಪಹಣಿ), ಮತದಾರರ ಪಟ್ಟಿ ಇವನ್ನು ನೋಡತೊಡಗಿದೆವು. ನೀರಸ ಕೆಲಸ, ನಿಜ. ವಂಶಾವಳಿಯವರ ಸಭೆಯಲ್ಲಿ ಸಿಗುವ ಬಿರಿಯಾನಿಯೂ ಇದರಲ್ಲಿ ಸಿಗುವುದಿಲ್ಲ.

ಈ ದಾರಿಯಲ್ಲಿ ನಡೆದಾಗ ಫಕೀಹ್ ಯಾಕೆ ವಿರಳ ಎಂಬುದಕ್ಕೆ ಒಂದು ಉತ್ತರ ಹೊಳೆಯುತ್ತದೆ. ಕಾಜಿ, ಖತೀಬರನ್ನು ದೊರೆತನ ಗುರುತಿಸುತ್ತಿತ್ತು; ಅವರಿಗೆ ಇನಾಮು, ವತನ, ಸನದು ಇರುತ್ತಿದ್ದವು. ಸುಲ್ತಾನರ ನಂತರ ಪೇಶವೆಯರು ಬಂದರೂ ಹಲವು ಕಡೆ ಅವು ಮುಂದುವರಿದವು. 1852ರ ಇನಾಮ್ ಕಾಯ್ದೆಯಡಿ ಇಂಗ್ಲಿಷರು ಅವನ್ನೇ ಪರೀಕ್ಷೆಗೆ ಹಚ್ಚಿದರು. ಇನಾಮು ಉಳಿಯಬೇಕಾದರೆ ಹೆಸರು ಉಳಿಯಬೇಕು, ಮಗ ಅದೇ ಹೆಸರು ಹೇಳಬೇಕು. ಫಕೀಹನದು ಓದಿನ ಬಲದಿಂದ ಬಂದ ಪದವಿ, ಮನ್ನಣೆ ಊರಿನದು. ಹಾಗಾಗಿ ಎಲ್ಲಿ ಓದಿಸುವ ಕೆಲಸ ಎರಡು ಮೂರು ತಲೆಮಾರು ಒಂದೇ ಮನೆಯಲ್ಲಿ ನಿಂತಿತೋ ಅಲ್ಲಷ್ಟೇ ಅದು ಮನೆಯ ಹೆಸರಾಗಿ ಹೆಪ್ಪುಗಟ್ಟಿರಬೇಕು. ಇದು ನನ್ನ ಊಹೆ. ಆದರೆ ತುಳುನಾಡು, ಕಾಸರಗೋಡನ್ನು ನೋಡಿದರೆ ಬಲ ಬರುತ್ತದೆ. ಅಲ್ಲೂ ಶಾಫಿಯಿಗಳೇ, ಶಾಸ್ತ್ರ ಬಲ್ಲವರು ಮುಸ್ಲಿಯಾರರು. ಆ ಪದವಿ ಅವರವರ ಜೊತೆಗೇ ಹೋಗುತ್ತದೆ, ಮಕ್ಕಳಿಗೆ ಉಳಿಯುವುದು ತರವಾಡಿನ ಹೆಸರು ಅಥವಾ ಊರಿನ ಹೆಸರು. ತುಳುನಾಡಿನ ಮುಸ್ಲಿಮರ ಬಗ್ಗೆ ಬರೆದ ಬಿ. ಎಂ. ಇಚ್ಲಂಗೋಡರ ಹೆಸರೇ ಉದಾಹರಣೆ. ದೂರದ ಸುಮಾತ್ರದ ಮಿನಾಂಗ್‌ಕಬಾವು ಜನರಲ್ಲೂ ಶಾಫಿಯಿ ಪಂಥ. ಅಲ್ಲಿ ಇದೇ ಪದ ‘ಪಕಿಹ್’ ಆಗಿ ಧಾರ್ಮಿಕ ಓದು ಮಾಡಿದವರ ಬಿರುದಾಗಿದೆ. ಅವರನ್ನೆಲ್ಲ ಯೆಮನಿನಿಂದ ಬಂದವರೆಂದು ಯಾರೂ ಹೇಳುವುದಿಲ್ಲ.

ಭಿವಂಡಿಯಲ್ಲಿ 1970ರಲ್ಲಿ, ಮತ್ತೆ 1984ರಲ್ಲಿ ಗಲಭೆಯಾಯಿತು. ಆಮೇಲೆ ಅಲ್ಲಿಗೆ ಬಂದ ಸಂಶೋಧಕರು ಗಲಭೆಯನ್ನು ಬರೆದರು, ಪವರ್‌ಲೂಮನ್ನು ಬರೆದರು. ಬರೆಯಬೇಕಾದ್ದೇ. ಆದರೆ ಆ ಊರಿಗೆ ಗಲಭೆಯ ಮೊದಲೂ ಒಂದು ಚರಿತ್ರೆಯಿತ್ತು ಎನ್ನುವುದು ಕ್ರಮೇಣ ಮರೆತುಹೋಯಿತು. 2002ರಲ್ಲಿ ಮೊಹಿಯುದ್ದೀನ್ ಮೋಮಿನರು ಮಧ್ಯಯುಗದ ಕೊಂಕಣದ ಮುಸ್ಲಿಂ ಸಮುದಾಯಗಳ ಬಗ್ಗೆ ತಂದ ಪುಸ್ತಕ ಆ ಮರೆವಿಗೆ ತಕ್ಕ ಮದ್ದು. ಅದು ಪಡೆಯಬೇಕಾದಷ್ಟು ಓದುಗರನ್ನು ಪಡೆಯಲಿಲ್ಲ. ನೈಲ್ ಗ್ರೀನರ ಮುಂಬಯಿ ಇಸ್ಲಾಮ್ ಕುರಿತ ಗ್ರಂಥ (2011) ಹೊಗಳಿಕೆಗೆ ತಕ್ಕದ್ದೇ, ಆದರೆ ಅದರ ಊರು ಮುಂಬಯಿ. ಖಾಡಿ ದಾಟಿ ಈಚೆಗೆ ಬಂದದ್ದು ಕಡಿಮೆ.

ಇನ್ನು ಈ ಹೆಸರಿನವರು ಎಷ್ಟು ಜನ ಎಂಬ ಪ್ರಶ್ನೆ. ಜನಗಣತಿ ಅಡ್ಡಹೆಸರಿನ ಲೆಕ್ಕವನ್ನು ಪ್ರಕಟಿಸುವುದಿಲ್ಲ. ಅಂತರ್ಜಾಲದ ಅಡ್ಡಹೆಸರಿನ ನಕಾಶೆಗಳು ಕೊಡುವ ಅಂಕಿಯನ್ನು ನಾನು ನಂಬುವುದಿಲ್ಲ. ಮರಾಠಿಯಲ್ಲೇ ಇದು ಫಕೀಹ್, ಫಕೀ, ಫಕ್ಕಿ ಎಂದು ಮೂರು ರೂಪದಲ್ಲಿ ಬರುತ್ತದೆ. ರೋಮನ್ ಲಿಪಿಗೆ ಹೋದರೆ ಒಂದೇ ಮನೆಯ ಅಣ್ಣ ತಮ್ಮಂದಿರ ಪಾಸ್‌ಪೋರ್ಟುಗಳಲ್ಲೂ ಬೇರೆ ಬೇರೆ ಕಾಗುಣಿತ ಇರಬಹುದು. ಯಂತ್ರ ಅವನ್ನು ಬೇರೆ ಬೇರೆ ಹೆಸರೆಂದು ಎಣಿಸುತ್ತದೆ. ಲೆಬನಾನಿನ, ಇಂಡೊನೇಷ್ಯದ ಫಕೀಹರನ್ನು ಮಾತ್ರ ಇವರೊಂದಿಗೆ ಸೇರಿಸಿಬಿಡುತ್ತದೆ. ವಲಸೆ ಹೋದ ಕಡೆ ಹೆಸರು ಏನಾಗುತ್ತದೆ ಎಂಬುದಕ್ಕೆ ಕೇಪ್‌ಟೌನಿನ ಕೊಂಕಣಿಗಳನ್ನು ನೋಡಬೇಕು: ಅಲ್ಲಿ ಪಾರ್ಕರ್ ಎಂಬುದು ಇಂಗ್ಲಿಷಿನ ಪಾರ್ಕರ್ ಆಗಿಯೇ ಬರೆಸಿಕೊಂಡು ಯಾರ ಕಣ್ಣಿಗೂ ಬೀಳದೆ ಕೂತಿದೆ.

ಇನ್ನೊಂದು ತಪ್ಪು, ಹೆಸರು ಅಳಿಯುತ್ತಿದೆ ಎಂಬ ಗೋಳು. ಮುಂಬ್ರಾ, ಕೌಸಾ ಹಿಂದೆ ಕೊಂಕಣಿಗಳ ಹಳ್ಳಿಗಳು. 1992–93ರ ಮುಂಬಯಿ ಗಲಭೆಯ ಬಳಿಕ ಅಲ್ಲಿಗೆ ಜನ ನುಗ್ಗಿ ಬಂದರು. ಮತದಾರರ ಪಟ್ಟಿ ತೆರೆದರೆ ಶೇಖ್, ಖಾನ್, ಅನ್ಸಾರಿ. ಹಳೆಯ ಮನೆಗಳು ಇದ್ದಲ್ಲೇ ಇವೆ. ಕುಗ್ಗಿದ್ದು ಅವರ ಪ್ರಮಾಣ. ತಲೆ ಎಣಿಸದೆ ತಲೆಯೇ ಕುಗ್ಗಿತೆನ್ನುವುದು ಲೆಕ್ಕವಲ್ಲ.

ನವಿ ಮುಂಬಯಿಯದು ಬೇರೆಯೇ ಕಥೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. 1970ರ ಮಾರ್ಚಿನಲ್ಲಿ ನಗರ ಕಟ್ಟುವ ಸರ್ಕಾರಿ ನಿಗಮ ಸಿಡ್ಕೊ ಸ್ಥಾಪನೆಯಾಗಿ 95 ಹಳ್ಳಿಗಳ ಭೂಮಿ ಹೊಸ ನಗರಕ್ಕೆ ಹೋಯಿತು. ಭೂಮಿ ಕಳೆದುಕೊಂಡವರಿಗೆ ಶೇಕಡಾ 12.5ರ ಯೋಜನೆಯಲ್ಲಿ ನಿವೇಶನ ಎಂದಾಗ ಆಗ್ರಿ, ಕೋಳಿ, ಕೊಂಕಣಿ ಮುಸ್ಲಿಂ ಎನ್ನದೆ ಎಲ್ಲ ಮನೆಯವರೂ ಅಜ್ಜನಿಂದ ಮೊಮ್ಮಗನವರೆಗಿನ ವಾರಸನ್ನು ಕಾಗದದಲ್ಲಿ ತೋರಿಸಬೇಕಾಯಿತು. ಆ ಕಡತಗಳಲ್ಲಿರುವುದು ನಿವೇಶನ ಪಡೆಯಲು ಬೇಕಾದಷ್ಟು ವಂಶಾವಳಿ. ಅದಕ್ಕೆ ಮದೀನದವರೆಗೆ ಹೋಗುವ ದರ್ದಿಲ್ಲ. ಅಕ್ಕ ತಂಗಿಯರ ಹೆಸರು ಬರುತ್ತದೆ, ಹಕ್ಕು ಬಿಟ್ಟುಕೊಟ್ಟದ್ದೂ ಬರುತ್ತದೆ. ವಕೀಲರು ಇವನ್ನು ತಿರುವಿ ಹಾಕಿದ್ದಾರೆ, ದಲ್ಲಾಳಿಗಳು ತಿರುವಿ ಹಾಕಿದ್ದಾರೆ. ಅಡ್ಡಹೆಸರಿನ ಅಧ್ಯಯನಕ್ಕೆ ಇವನ್ನು ಬಳಸಿದ ಒಂದು ಲೇಖನವನ್ನೂ ನಾನು ಕಂಡಿಲ್ಲ.

ನಿಕಾಹಿನ ಪುಸ್ತಕಗಳ ಗತಿಯೂ ಅದೇ. ಮತದಾರರ ಪಟ್ಟಿಯಲ್ಲಿ ಹೆಣ್ಣಿಗೆ ಗಂಡನ ಮನೆಯ ಹೆಸರು. ತವರಿನ ಹೆಸರು ಮದುಮಗಳ ತಂದೆಯ ಜೊತೆ ದಾಖಲಾಗುವುದು ನಿಕಾಹಿನ ಪುಸ್ತಕದಲ್ಲಿ. ಫಕೀಹರ ಮನೆಗೆ ಖತೀಬರ ಹೆಣ್ಣು ಬಂತೋ, ಪಟೇಲರದ್ದು ಬಂತೋ, ಮೆಹರು ಎಷ್ಟು ನಿಂತಿತು, ಎಲ್ಲ ಅಲ್ಲಿ ಸಿಗಬೇಕು. ಓದಿಸುವವರ ಮನೆಗಳು ತಮ್ಮೊಳಗೇ ನಂಟು ಬೆಳೆಸಿ ಹೆಸರನ್ನು ಕಾಪಾಡಿಕೊಂಡವೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದಾದರೆ ಅಲ್ಲೇ. ತೊಡಕು ಲಿಪಿಯದು. ಮಸೀದಿಯ ಪುಸ್ತಕ ಉರ್ದುವಿನಲ್ಲಿ, ಅದೇ ಮನೆಯ ಹಳೆಯ ಜಮೀನಿನ ಕಾಗದ ಮರಾಠಿಯ ಮೋಡಿ ಲಿಪಿಯಲ್ಲಿ, ಸನದು ಫಾರಸಿಯಲ್ಲಿ. ಒಂದನ್ನು ಓದುವವರಿಗೆ ಇನ್ನೊಂದು ಬಾರದು. ಮೋಡಿ ಬಲ್ಲ ಒಬ್ಬರನ್ನೂ ಫಾರಸಿ, ಉರ್ದು ಬಲ್ಲ ಒಬ್ಬರನ್ನೂ ಒಂದು ಮೇಜಿನ ಮುಂದೆ ಕೂರಿಸಿ ಕಲ್ಯಾಣದ ಒಂದೇ ಒಂದು ಮೊಹಲ್ಲಾದ ಕಾಗದಗಳನ್ನು ಓದಿಸುವುದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ಜಮಾತಿನ ಒಪ್ಪಿಗೆ ಬೇಕು, ವರ್ಷಕ್ಕಾಗುವಷ್ಟು ಬಿಡುವು ಬೇಕು.