ನೆಲಜೀರುಂಡೆಗಳ ಉಸಿರಾಟ ಮತ್ತು ಶಕ್ತಿಯ ಬಳಕೆ

ನೆಲಜೀರುಂಡೆಗಳು ಕ್ಯಾರಾಬಿಡೇ ಕುಟುಂಬಕ್ಕೆ ಸೇರಿದ ಕೀಟಗಳು. ಜಗತ್ತಿನಲ್ಲಿ ಇವುಗಳ ಸುಮಾರು 40,000 ಪ್ರಭೇದಗಳಿವೆ. ಇವುಗಳಲ್ಲಿ ಹೆಚ್ಚಿನವು ಕಂಬಳಿಹುಳು, ಬಸವನಹುಳು, ಇತರ ಕೀಟಗಳ ಮರಿ ಮುಂತಾದವನ್ನು ಬೇಟೆಯಾಡಿ ತಿನ್ನುತ್ತವೆ. ಓಡಿ ಬೇಟೆ ಹಿಡಿಯಲು ಹೆಚ್ಚು ಆಮ್ಲಜನಕ ಬೇಕು. ಆದರೆ ಗಾಳಿಗಾಗಿ ದೇಹದ ರಂಧ್ರಗಳನ್ನು ತೆರೆದಷ್ಟೂ ನೀರು ಆವಿಯಾಗಿ ನಷ್ಟವಾಗುತ್ತದೆ. ಒಣ ಪ್ರದೇಶದಲ್ಲಿ ಈ ಕೀಟದ ಉಳಿವು ಇವೆರಡರ ಸಮತೋಲನವನ್ನು ಅವಲಂಬಿಸಿದೆ.

ಉಸಿರಾಟದ ಅಂಗಗಳು

ನೆಲಜೀರುಂಡೆಗೆ ಶ್ವಾಸಕೋಶಗಳಿಲ್ಲ. ಎದೆಯ ಭಾಗದಲ್ಲಿ 2 ಜೊತೆ ಹಾಗೂ ಉದರದಲ್ಲಿ 8 ಜೊತೆಯವರೆಗೆ ಉಸಿರುರಂಧ್ರಗಳಿರುತ್ತವೆ. ಇವುಗಳಿಂದ ಹೊರಟ ಶ್ವಾಸನಾಳಗಳು ಕವಲೊಡೆಯುತ್ತಾ ಸೂಕ್ಷ್ಮನಾಳಗಳಾಗಿ ಸ್ನಾಯುಗಳನ್ನು ತಲುಪುತ್ತವೆ. ಆಮ್ಲಜನಕವು ರಕ್ತದ ನೆರವಿಲ್ಲದೆ ನೇರವಾಗಿ ಜೀವಕೋಶಗಳಿಗೆ ಸೇರುತ್ತದೆ. ಕೀಟಗಳ ಶ್ವಾಸನಾಳಗಳನ್ನು ಇಟಲಿಯ ಮಾರ್ಚೆಲ್ಲೊ ಮಾಲ್ಪಿಘಿ 1669ರಲ್ಲಿ ರೇಷ್ಮೆಹುಳುವಿನಲ್ಲಿ ವಿವರಿಸಿದನು.

ಗಾಳಿಯ ಚಲನೆ

ಸಣ್ಣ ಕೀಟಗಳಿಗೆ ಅನಿಲಗಳ ವಿಸರಣೆಯೇ ಸಾಕಾಗುತ್ತದೆ ಎಂದು ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ 1920ರಲ್ಲಿ ಲೆಕ್ಕಹಾಕಿ ತೋರಿಸಿದನು. ಅಮೆರಿಕದಲ್ಲಿ ಮಾರ್ಕ್ ವೆಸ್ಟ್‌ನೀಟ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಕ್ಷ-ಕಿರಣ ಚಿತ್ರಣದ ಅಧ್ಯಯನವು ಇದಕ್ಕೆ ಹೊಸ ಅಂಶವೊಂದನ್ನು ಸೇರಿಸಿತು. ಪ್ಲಾಟಿನಸ್ ಎಂಬ ನೆಲಜೀರುಂಡೆಯ ತಲೆ ಮತ್ತು ಎದೆಯಲ್ಲಿರುವ ನಾಳಗಳು ಲಯಬದ್ಧವಾಗಿ ಕುಗ್ಗಿ ಹಿಗ್ಗುವುದು ಅದರಲ್ಲಿ ಕಂಡುಬಂದಿತು. 2008ರಲ್ಲಿ ಸೋಚಾ ಮತ್ತು ಸಹೋದ್ಯೋಗಿಗಳು ಟೆರೊಸ್ಟಿಕಸ್ ಎಂಬ ಇನ್ನೊಂದು ನೆಲಜೀರುಂಡೆಯನ್ನು ಪರೀಕ್ಷಿಸಿದರು. ಅದರ ನಾಳಗಳು ನಿಮಿಷಕ್ಕೆ ಸರಾಸರಿ 15.6 ಬಾರಿ ಕುಗ್ಗುತ್ತಿದ್ದವು. ಪ್ರತಿ ಕುಗ್ಗುವಿಕೆಯೊಡನೆ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತಿತ್ತು.

ಬಿಟ್ಟುಬಿಟ್ಟು ಉಸಿರಾಡುವ ಕ್ರಮ

ಹಲವು ಕೀಟಗಳು ವಿಶ್ರಾಂತಿಯಲ್ಲಿ ಎಡೆಬಿಡದೆ ಉಸಿರಾಡುವುದಿಲ್ಲ. ಮೊದಲು ರಂಧ್ರಗಳನ್ನು ಮುಚ್ಚಿಕೊಳ್ಳುತ್ತವೆ. ನಂತರ ಅವನ್ನು ಸ್ವಲ್ಪಸ್ವಲ್ಪವಾಗಿ ಅದುರಿಸುತ್ತವೆ. ಕೊನೆಗೆ ಪೂರ್ಣವಾಗಿ ತೆರೆಯುತ್ತವೆ. ಮುಚ್ಚಿದ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡ್ ದೇಹದ್ರವದಲ್ಲಿ ಕರಗಿ ಸಂಗ್ರಹವಾಗುತ್ತದೆ. ಈ ಕ್ರಮವು ನೀರನ್ನು ಉಳಿಸುತ್ತದೆ ಎಂಬುದು ಒಂದು ವಿವರಣೆ. ಅತಿಯಾದ ಆಮ್ಲಜನಕದಿಂದಾಗುವ ಹಾನಿಯನ್ನು ತಡೆಯುತ್ತದೆ ಎಂದು ಹೆಟ್ಸ್ ಮತ್ತು ಬ್ರಾಡ್ಲಿ 2005ರಲ್ಲಿ ಪ್ರತಿಪಾದಿಸಿದರು. ಈ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಶಕ್ತಿಯ ಮೂಲ ಮತ್ತು ವ್ಯಯ

ಬೇಟೆಗಾರ ಜೀರುಂಡೆಯ ಆಹಾರದಲ್ಲಿ ಪ್ರೋಟೀನು ಮತ್ತು ಕೊಬ್ಬು ಪ್ರಧಾನ. ಅನೇಕ ಪ್ರಭೇದಗಳು ಜೀರ್ಣರಸವನ್ನು ಬೇಟೆಯ ಮೇಲೆ ಸುರಿಸಿ, ಕರಗಿದ ಆಹಾರವನ್ನು ಹೀರುತ್ತವೆ. ಮಿಕ್ಕ ಶಕ್ತಿಯು ಮೇದಸ್ಸಿನ ಅಂಗದಲ್ಲಿ ಸಂಗ್ರಹವಾಗಿ ಉಪವಾಸದ ದಿನಗಳಲ್ಲಿ ಬಳಕೆಯಾಗುತ್ತದೆ. ಒಂದು ಗ್ರಾಂ ಕೊಬ್ಬಿನ ದಹನದಿಂದ ಸುಮಾರು 37 ಕಿಲೋಜೂಲ್ ಶಕ್ತಿ ದೊರೆಯುತ್ತದೆ. ಜೊತೆಗೆ ಒಂದು ಗ್ರಾಂಗಿಂತ ತುಸು ಹೆಚ್ಚು ನೀರೂ ಉತ್ಪತ್ತಿಯಾಗುತ್ತದೆ. ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಮತ್ತು ಬಳಸಿದ ಆಮ್ಲಜನಕದ ಅನುಪಾತವನ್ನು ಉಸಿರಾಟದ ಅನುಪಾತ ಎನ್ನುತ್ತಾರೆ. ಅದು ಕೊಬ್ಬು ಉರಿಯುವಾಗ ಸುಮಾರು 0.7, ಸಕ್ಕರೆ ಉರಿಯುವಾಗ 1.0 ಇರುತ್ತದೆ. ಆದ್ದರಿಂದ ಕೀಟವು ಯಾವ ಇಂಧನವನ್ನು ಬಳಸುತ್ತಿದೆ ಎಂಬುದನ್ನು ಈ ಅಳತೆಯಿಂದ ಊಹಿಸಬಹುದು.

ಜೀರುಂಡೆಯ ದೇಹದ ಉಷ್ಣತೆಯು ಬಹುಮಟ್ಟಿಗೆ ಪರಿಸರವನ್ನು ಅನುಸರಿಸುತ್ತದೆ. ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಶಕ್ತಿಯ ವ್ಯಯ ಸಾಮಾನ್ಯವಾಗಿ ಎರಡರಿಂದ ಮೂರು ಪಟ್ಟಾಗುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಸುಮ್ಮನಿರುವ ಜೀರುಂಡೆಗೂ ಹೆಚ್ಚು ಆಹಾರ ಬೇಕಾಗುತ್ತದೆ.

ಬಯಲುಸೀಮೆಯಲ್ಲಿ

ದಕ್ಷಿಣ ಭಾರತದ ಒಣ ಕುರುಚಲು ಕಾಡುಗಳಲ್ಲಿ ಆರುಚುಕ್ಕೆ ನೆಲಜೀರುಂಡೆ (ಆಂಥಿಯಾ ಸೆಕ್ಸ್‌ಗಟ್ಟಾಟಾ) ಕಾಣಸಿಗುತ್ತದೆ. ಕಪ್ಪು ಮೈಮೇಲೆ ಆರು ಬಿಳಿಯ ಚುಕ್ಕೆಗಳಿರುವ ಇದನ್ನು ಫ್ಯಾಬ್ರಿಸಿಯಸ್ 1775ರಲ್ಲಿ ವರ್ಣಿಸಿದನು. ಇದು ಹಾರಲಾರದು, ಓಡಿಯೇ ಬೇಟೆಯಾಡುತ್ತದೆ. ಉದರದ ಉಸಿರುರಂಧ್ರಗಳು ಗಟ್ಟಿ ಮುಂರೆಕ್ಕೆಗಳ ಕೆಳಗಿರುವುದರಿಂದ ಒಣಗಾಳಿಗೆ ನೇರವಾಗಿ ಒಡ್ಡಿಕೊಳ್ಳುವುದಿಲ್ಲ.

ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರದಂಥ ಊರುಗಳಲ್ಲಿ ಕೆರೆ, ಅಡಿಕೆ ತೋಟ, ಮಳೆಯಾಶ್ರಿತ ಹೊಲ, ಕುರುಚಲು ಗುಡ್ಡ ಇವೆಲ್ಲ ಅಕ್ಕಪಕ್ಕದಲ್ಲಿವೆ. ತೋಟದ ತೇವ ನೆರಳಿನಲ್ಲಿ ಉಸಿರಾಟದಿಂದಾಗುವ ನೀರಿನ ನಷ್ಟ ಕಡಿಮೆ, ಬಯಲಿನಲ್ಲಿ ಹೆಚ್ಚು. ಹಗಲನ್ನು ಕಲ್ಲು, ತರಗೆಲೆ ಅಥವಾ ಬದುವಿನ ಬಿರುಕಿನಲ್ಲಿ ಕಳೆದು ರಾತ್ರಿ ಹೊರಡುವ ಪ್ರಭೇದಗಳು ನೀರು ಮತ್ತು ಶಕ್ತಿ ಎರಡನ್ನೂ ಉಳಿಸುತ್ತವೆ.

ಕೃಷಿಯಲ್ಲಿ ಮಹತ್ವ

ಕಂಬಳಿಹುಳುಗಳನ್ನು ತಿನ್ನುವ ಕ್ಯಾಲೊಸೋಮಾ ಜಾತಿಯ ಯುರೋಪಿನ ಒಂದು ಪ್ರಭೇದವನ್ನು ಜಿಪ್ಸಿ ಪತಂಗದ ಹತೋಟಿಗಾಗಿ 1905ರಿಂದ ಅಮೆರಿಕಕ್ಕೆ ತರಿಸಲಾಯಿತು. ಬೆಳೆಗಳ ಮೇಲೆ ಸಿಂಪಡಿಸುವ ಎಣ್ಣೆಗಳು ಉಸಿರುರಂಧ್ರಗಳನ್ನು ಮುಚ್ಚಿ ಕೀಟಗಳನ್ನು ಕೊಲ್ಲುತ್ತವೆ; ನೇರವಾಗಿ ತಾಗಿದರೆ ಉಪಕಾರಿ ಕೀಟಕ್ಕೂ ಅವುಗಳಿಂದ ಅಪಾಯವಿದೆ. ಬದುಗಳಲ್ಲಿ ಹುಲ್ಲು, ಕಲ್ಲು ಮತ್ತು ತರಗೆಲೆಗಳನ್ನು ಉಳಿಸುವುದರಿಂದ ನೆಲಜೀರುಂಡೆಗಳಿಗೆ ತಂಪಾದ ಆಸರೆ ಸಿಗುತ್ತದೆ.